ಗಂಗೂನ ತೋಳಿನ ಕಲ್ಲು

ಈ ವರ್ಷ ತರಬೇತಿ ಮುಗಿಸಿ ಹಳ್ಳಿಗಳಿಗೆ ಹೊರಡುವ ಕೆಲವು ಹುಡುಗಿಯರು, ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ನನ್ನನ್ನು ಕೇಳಿದರು. ಸೂಜಿಯನ್ನು ಎಷ್ಟು ಓರೆಯಾಗಿ ಹಿಡಿಯಬೇಕು ಎಂಬುದು ಅವರ ಪುಸ್ತಕದಲ್ಲಿದೆ. ಅದನ್ನು ಹಿಡಿದು ಒಂದು ಊರಿನ ಕಟ್ಟೆಯ ಮೇಲೆ ಕುಳಿತರೆ ಎದುರಿಗೆ ಯಾರು ಬಂದು ಏನು ಕೇಳುತ್ತಾರೆ ಎಂಬುದು ಅದರಲ್ಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ಷಯ ಬಾರದಂತೆ ಬಿ.ಸಿ.ಜಿ. ಲಸಿಕೆ ಹಾಕುವ ತಂಡದಲ್ಲಿ ವೈದ್ಯಳಾಗಿ ನಾನು ಆರು ವರ್ಷ ರೋಣ, ನರಗುಂದ, ಗಜೇಂದ್ರಗಡಗಳ ಸುತ್ತ ತಿರುಗಿದೆ. ಈಗ ನಿವೃತ್ತಳು. ಮೂವತ್ತೆರಡರ ಹೆಂಗಸು ನಿವೃತ್ತಿ ಎಂಬ ಮಾತು ಬಳಸಿದರೆ ಜನ ನಗುತ್ತಾರೆ. ರಾಜೀನಾಮೆ ಎಂದರೆ ಕಾರಣ ಕೇಳುತ್ತಾರೆ. ನಗಲಿ ಎಂದು ನಾನು ನಿವೃತ್ತಿಯನ್ನೇ ಆರಿಸಿಕೊಂಡಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ನನಗೇ ಸರಿಯಾಗಿ ನೆನಪಿಲ್ಲ, ಓದುವವರಿಗೆ ಬೇಕಾಗಿಯೂ ಇಲ್ಲ. ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ.

ಮೊದಲನೆಯದು ರೋಣದ್ದು. ನಮ್ಮ ಕೆಲಸಕ್ಕೆ ಎರಡು ಹಂತ. ಮೊದಲು ಮುಂಗೈ ಚರ್ಮದೊಳಗೆ ಪರೀಕ್ಷೆಯ ಮದ್ದನ್ನು ಒಂದು ಹನಿ ಚುಚ್ಚುತ್ತೇವೆ. ಮೂರು ದಿನ ಕಳೆದ ಮೇಲೆ ಆ ಜಾಗ ಬಾತಿದೆಯೋ ಇಲ್ಲವೋ ನೋಡುತ್ತೇವೆ. ಬಾತಿದ್ದರೆ ಕ್ಷಯದ ಕ್ರಿಮಿ ಆ ಮೈಗೆ ಹಿಂದೆಯೇ ಪರಿಚಯವಾಗಿದೆ ಎಂದರ್ಥ, ಲಸಿಕೆ ಬೇಕಿಲ್ಲ. ಬಾತಿಲ್ಲದಿದ್ದರೆ ಎಡ ತೋಳಿನ ಮೇಲ್ಭಾಗಕ್ಕೆ ಲಸಿಕೆ. ನಾನು ಸೋಮವಾರ ಚುಚ್ಚಿ, ಮೂರನೆಯ ದಿನ ಬನ್ನಿ ಎಂದು ಡಂಗುರ ಹೊಡೆಸಿದೆ. ಗುರುವಾರ ಬೆಳಿಗ್ಗೆ ಮೇಜು ಹಾಕಿಕೊಂಡು ಕುಳಿತರೆ ಒಬ್ಬರೂ ಇಲ್ಲ. ಊರಿನವರೆಲ್ಲ ಬುಧವಾರವೇ ಬಂದು, ನಾವು ಮೆಣಸಗಿ ಎಂಬ ಊರಿಗೆ ಹೋಗಿದ್ದರಿಂದ ಖಾಲಿ ಕಟ್ಟೆಯನ್ನು ನೋಡಿ ಹೊಲಕ್ಕೆ ಹೋಗಿದ್ದರು. ಅವರು ಎಣಿಸಿದ್ದು ಚುಚ್ಚಿದ ದಿನವನ್ನೂ ಸೇರಿಸಿ. ನಾನು ಗಂಟೆಗಳ ಲೆಕ್ಕ ವಿವರಿಸಲು ಹೊರಟೆ. ಕಟ್ಟೆಯ ಮೇಲಿದ್ದ ಒಬ್ಬ ಹಿರಿಯರು ಸಾವಕಾಶ ಕೇಳಿಸಿಕೊಂಡು, "ನಿಮ್ಮ ಕಡೆ ಸತ್ತವರ ಮೂರನೇ ದಿನ ಹ್ಯಾಂಗ ಎಣಸ್ತಾರ್ರಿ ಬಾಯಾರ?" ಎಂದರು. ನಮ್ಮ ಕಡೆಯೂ ಹಾಗೆಯೇ ಎಣಿಸುತ್ತಾರೆ. ಅಂದಿನಿಂದ ನಾನು ದಿನ ಎಣಿಸುವುದನ್ನು ಬಿಟ್ಟು ವಾರದ ಹೆಸರು ಹೇಳತೊಡಗಿದೆ. ನೀವೂ ಹಾಗೆಯೇ ಮಾಡಿ.

ಈ ಉಪಾಯವನ್ನು ನನಗೆ ಸೂಚಿಸಿದವರು ಫಕ್ಕೀರಪ್ಪ, ನಮ್ಮ ತಂಡದಲ್ಲಿ ಚುಚ್ಚುವ ಕೆಲಸದವರಲ್ಲಿ ಎಲ್ಲರಿಗಿಂತ ಹಿರಿಯರು. ಸೂಡಿ ಎಂಬ ಹಳ್ಳಿಯವರು. ನಮ್ಮಲ್ಲಿಗೆ ಬರುವ ಮೊದಲು ಇಪ್ಪತ್ತೈದು ವರ್ಷ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಸಿಡುಬಿನ ಲಸಿಕೆ, ಅಂದರೆ ಆ ಕಡೆಯವರ ಮಾತಿನಲ್ಲಿ ದೇವಿ, ಹಾಕಿದವರು. ಗಜೇಂದ್ರಗಡದ ಸುತ್ತಮುತ್ತ ಮೂವತ್ತು ತುಂಬದ ಯಾರ ತೋಳನ್ನು ನೋಡಿದರೂ ಅದು ತಮ್ಮ ಕೈಬರಹ ಎನ್ನುತ್ತಿದ್ದರು. ಅಳುವ ಮಗುವನ್ನು ಮೊದಲು ಕೂರಿಸಬಾರದು, ಸೂಜಿಯನ್ನು ಬೆನ್ನ ಹಿಂದೆ ಬಚ್ಚಿಡಬಾರದು, ತಾಯಿಗೆ ಮಗುವನ್ನು ಗಟ್ಟಿಯಾಗಿ ಹಿಡಿ ಎನ್ನಬಾರದು. ಇವು ಮೂರೂ ನನಗೆ ಮುಂಬಯಿಯ ಕಾಲೇಜು ಕಲಿಸದೆ ಅವರು ಕಲಿಸಿದ ಪಾಠ.

ನರಗುಂದದಲ್ಲಿ ತಪ್ಪು ಮಾಡಿದ್ದು ನಾನಲ್ಲ, ನಮ್ಮ ಮೇಲಧಿಕಾರಿ. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಜನ ಹಿಂಜರಿಯುತ್ತಿದ್ದಾರೆ ಎಂದು ತಿಳಿದು ಅವರೇ ಜೀಪಿನಲ್ಲಿ ಬಂದು, ಭಾಷಣ ಮಾಡಿ, ಇದರಿಂದ ಏನೂ ಆಗುವುದಿಲ್ಲ ಎಂದು ತೋರಿಸಲು ಎಲ್ಲರೆದುರು ತಮ್ಮ ಮುಂಗೈಗೇ ಪರೀಕ್ಷೆಯ ಮದ್ದು ಚುಚ್ಚಿಸಿಕೊಂಡರು. ದೊಡ್ಡವರಲ್ಲಿ ಬಹಳ ಮಂದಿಗೆ ಅದು ಬಾಯುತ್ತದೆ. ಬಾತರೆ ರೋಗವಿದೆ ಎಂದಲ್ಲ. ಆದರೆ ಅದನ್ನು ಭಾಷಣದಲ್ಲಿ ಹೇಳಲು ಮರೆತಿದ್ದರು. ಮೂರು ದಿನಕ್ಕೆ ಅವರ ಕೈ ಪಾವಲಿ ನಾಣ್ಯದಷ್ಟು ಅಗಲಕ್ಕೆ ಕೆಂಪಾಗಿ ಉಬ್ಬಿತು. ಆ ಬಿಸಿಲಿನಲ್ಲಿ ಅವರು ಉದ್ದ ತೋಳಿನ ಕೋಟು ಹಾಕಿಕೊಂಡೇ ಓಡಾಡಿದರು, ಆದರೂ ಊಟಕ್ಕೆ ಕೈ ತೊಳೆಯುವಾಗ ಅದು ಜನರ ಕಣ್ಣಿಗೆ ಬಿತ್ತು. ನಾನು ಜನ ಬರುವುದಿಲ್ಲವೆಂದು ಕೈಚೆಲ್ಲಿ ಕುಳಿತಿದ್ದರೆ ಸಾಲು ಇನ್ನಷ್ಟು ಉದ್ದವಾಯಿತು. ಫಕ್ಕೀರಪ್ಪ ವಿವರಿಸಿದರು: "ಸಾಹೇಬರ ಕೈ ಬಾತದ್ದು ನೋಡಿ ಮಂದಿಗೆ ನಂಬಿಗಿ ಬಂತ್ರಿ ಬಾಯಾರ. ಇದು ಬರೇ ನೀರಲ್ಲ, ಖರೇ ಔಷಧ ಐತಿ ಅಂದ್ರು."

ಇನ್ನು ಗಜೇಂದ್ರಗಡದ ಮಾತು. ನಾನು ಹೇಳಬೇಕೆಂದು ಕುಳಿತದ್ದು ಇದನ್ನೇ.

ಅಲ್ಲಿ ನೇಕಾರರ ಓಣಿಯಲ್ಲಿ ಒಂದು ಚಳಿಗಾಲ ಲಸಿಕೆ ಹಾಕಿದೆವು. ದಿನದ ಕೊನೆಗೆ ಸೂಜಿಗಳನ್ನು ಒಪ್ಪಿಸುವುದು ನಮ್ಮ ಪದ್ಧತಿ. ಮುರಿದ ಸೂಜಿಯಿದ್ದರೆ ಎರಡೂ ತುಂಡುಗಳನ್ನು ತೋರಿಸಬೇಕು. ಅಂದು ಫಕ್ಕೀರಪ್ಪ ಒಂದು ಮುರಿದ ಸೂಜಿ ತಂದರು, ಬುಡ ಮಾತ್ರ. ಕುದಿಸಿದ ತಟ್ಟೆಯಿಂದ ಎತ್ತುವಾಗ ಚಿಮಟ ಜಾರಿತು, ತುದಿ ಮುರಿದು ಕಟ್ಟೆಯ ಸಂದಿಗೆ ಬಿತ್ತು, ಹುಡುಕಿದರೆ ಸಿಗಲಿಲ್ಲ ಎಂದರು. ನಾನು ಪುಸ್ತಕದಲ್ಲಿ "ಸೂಜಿ ಒಂದು ಮುರಿದಿದೆ, ತುದಿ ಸಿಕ್ಕಿಲ್ಲ" ಎಂದು ಬರೆದೆ. ಕಟ್ಟೆಯ ಸಂದಿಯ ಮಾತನ್ನು ಬರೆಯಲಿಲ್ಲ, ಏಕೆಂದರೆ ಅದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಾಣದ್ದನ್ನು ಬರೆಯಬಾರದು ಎಂಬುದರ ಬಗ್ಗೆ ಆಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಮುಂದಿನ ವರ್ಷ ಎರಡನೆಯ ಸುತ್ತಿಗೆ ಹೋದಾಗ ವಿರೂಪಾಕ್ಷಪ್ಪ ಎಂಬ ನೇಕಾರರು ಹತ್ತು ವರ್ಷದ ಮಗಳನ್ನು ಕರೆದುಕೊಂಡು ದವಾಖಾನೆಗೆ ಬಂದರು. ಹುಡುಗಿಯ ಹೆಸರು ಗಂಗೂ. ಜೊತೆಗೆ ಅವಳ ಅಜ್ಜಿ, ವಿರೂಪಾಕ್ಷಪ್ಪನವರ ತಾಯಿ, ನಾಗವ್ವ. ಗಂಗೂನ ಎಡ ತೋಳಿನಲ್ಲಿ ನಮ್ಮ ಲಸಿಕೆಯ ಕಲೆ ಇತ್ತು. ಕಲೆಯ ಕೆಳಗೆ ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಗಂಟು. ಬೆರಳಿಟ್ಟೆ. ನೋವಿಲ್ಲ, ಬಿಸಿಯಿಲ್ಲ, ಕೀವಿಲ್ಲ. ಆದರೆ ಕಲ್ಲಿನಂತೆ ಗಟ್ಟಿ. ಮೇಲಿನ ಚರ್ಮ ತುಸು ನೀಲಿಗಟ್ಟಿತ್ತು. ಲಸಿಕೆಯ ನಂತರ ಮೆತ್ತನೆಯ ಬಾವು, ಒಡೆದು ಸೋರುವ ಹುಣ್ಣು ಇವನ್ನೆಲ್ಲ ನೋಡಿದ್ದೆ. ಇಂಥ ಗಟ್ಟಿ ಗಂಟನ್ನು ನೋಡಿರಲಿಲ್ಲ.

ವಿರೂಪಾಕ್ಷಪ್ಪನವರಿಗೆ ಅದೇನೆಂಬ ಅನುಮಾನವೇ ಇರಲಿಲ್ಲ. ಚುಚ್ಚಿದ್ದು ಫಕ್ಕೀರಪ್ಪ, ಸೂಜಿ ಮುರಿದು ಒಳಗೆ ಉಳಿದಿದೆ, ಹೇಳದೆ ಮುಚ್ಚಿಟ್ಟಿದ್ದಾರೆ. ಅವರು ಕೂಗಾಡಲಿಲ್ಲ. ಸಾಹೇಬರಿಗೆ ಅರ್ಜಿ ಬರೆಸಿ ಆಗಿದೆ ಎಂದಷ್ಟೇ ಹೇಳಿದರು.

ಗಂಗೂಗೆ ಮಾತ್ರ ಇದರಿಂದ ಏನೂ ಬೇಸರವಿದ್ದಂತಿರಲಿಲ್ಲ. ತೋಳಿನಲ್ಲಿ ಕಲ್ಲಿರುವ ಹುಡುಗಿ ಶಾಲೆಯಲ್ಲಿ ಅವಳೊಬ್ಬಳೇ. ಮುಟ್ಟಿ ನೋಡಬೇಕಾದರೆ ಗೆಳತಿಯರು ಅವಳ ಪಾಲಿನ ಕಸ ಗುಡಿಸಬೇಕಾಗಿತ್ತು.

ಸಾಹೇಬರು ಧಾರವಾಡದಿಂದ ಬಂದರು, ನನ್ನ ಪುಸ್ತಕ ತರಿಸಿ ಓದಿದರು. ಅದೇ ತಾರೀಖು, ಅದೇ ಓಣಿ, ತುದಿ ಸಿಕ್ಕಿಲ್ಲ. ಹುಡುಗಿಯನ್ನು ಗದಗಿಗೆ ಕಳಿಸಿ ಕ್ಷಕಿರಣದ ಚಿತ್ರ ತೆಗೆಸಿದರು. ಗಂಟಿರುವ ಜಾಗದಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಂಡಿತು. ಕ್ಷಕಿರಣದಲ್ಲಿ ಲೋಹವೂ ಬೆಳ್ಳಗೆ ಕಾಣುತ್ತದೆ. ಸಾಹೇಬರಿಗೆ ಅಷ್ಟು ಸಾಕಾಯಿತು. ವಿಚಾರಣೆ ಮುಗಿಯುವವರೆಗೆ ಫಕ್ಕೀರಪ್ಪ ಸೂಜಿ ಮುಟ್ಟಕೂಡದು, ತಪ್ಪು ನಿಜವಾದರೆ ಕೆಲಸದಿಂದ ತೆಗೆಯಲು ಬರೆಯುತ್ತೇನೆ ಎಂದರು.

ಚಿತ್ರವನ್ನು ನಾನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಸೂಜಿಯ ತುದಿಯಾದರೆ ಗೆರೆಯಂತೆ ಕಾಣಬೇಕು. ಇದು ಅರಳಿದ ಜೋಳದ ಹಾಗೆ ಅಂಚು ಮಸುಕಾಗಿ ಕಾಣುತ್ತಿತ್ತು. ಸಾಹೇಬರಿಗೆ ಹೇಳಿದೆ. ಸೂಜಿಯ ಸುತ್ತ ಸುಣ್ಣದಂಶ ಕಟ್ಟಿರಬಹುದು ಎಂದರು. ಇರಬಹುದಾಗಿತ್ತು. ನಿಜ ಬರೆಯಬೇಕೆಂದರೆ, ಆ ದಿನ ನಾನೂ ಫಕ್ಕೀರಪ್ಪನವರನ್ನು ಅರ್ಧ ಸಂಶಯಿಸಿದೆ. ಅವರನ್ನು ಕರೆದು, ನೆನಪು ಮಾಡಿಕೊಳ್ಳಿ, ಚುಚ್ಚುವಾಗಲೇ ಏನಾದರೂ ಮುರಿಯಿತೆ ಎಂದು ಮತ್ತೊಮ್ಮೆ ಕೇಳಿದೆ.

"ನೀವೂ ಕೇಳಿದ್ರಿ?" ಎಂದರು. ಅಷ್ಟೇ. ಮರುದಿನದಿಂದ ಬೆಂಚು ಹೊರುವುದು, ಹೆಸರು ಕೂಗುವುದು, ನೀರು ಕಾಯಿಸುವುದು ಎಲ್ಲವನ್ನೂ ಯಾವತ್ತಿನ ಅಚ್ಚುಕಟ್ಟಿನಿಂದ ಮಾಡಿದರು. ಆದರೆ ಸಂಜೆ ಸೈಕಲ್ ಹತ್ತಿ ಸೂಡಿಯ ಮನೆಗೆ ಹೋಗುವುದನ್ನು ಬಿಟ್ಟು ದವಾಖಾನೆಯ ಪಡಸಾಲೆಯಲ್ಲೇ ಉಳಿಯತೊಡಗಿದರು. ಊರಿನಲ್ಲಿ ಜನ ಇದನ್ನೇ ಕೇಳುತ್ತಿದ್ದಿರಬೇಕು.

ಗಂಟಿನ ಬಗ್ಗೆ ನನಗೆ ಮೊದಲ ಸುಳಿವು ಕೊಟ್ಟವಳು ನಾಗವ್ವ. ಎಪ್ಪತ್ತರ ಮುದುಕಿ. ಕಣ್ಣು ಮಂಜಾದ ಮೇಲೂ ಮಗ್ಗದ ಹಾಸಿನ ನೂಲಿನ ಮೇಲೆ ಬೆರಳಾಡಿಸಿ ಎಲ್ಲಿ ಎಳೆ ಕಡಿದು ಗಂಟು ಹಾಕಿದ್ದಾರೆಂದು ಹೇಳುತ್ತಿದ್ದಳು. ಆಕೆ ಮೊಮ್ಮಗಳ ತೋಳನ್ನು ನನ್ನ ಮುಂದೆ ಹಿಡಿದು, ಗಂಟಿನ ಒಂದು ಅಂಚನ್ನು ಒತ್ತಿದಳು. ಇನ್ನೊಂದು ಅಂಚು ಚರ್ಮದ ಕೆಳಗೆ ಮೆಲ್ಲಗೆ ಎದ್ದಿತು.

"ಸಡ್ಲಾದ ಫರ್ಸಿ ಕಲ್ಲು ಇದ್ದಂಗ್ರಿ. ಈ ಕಡೆ ತುಳದರ ಆ ಕಡೆ ಏಳತೈತಿ. ಸೂಜಿ ಆಗಿದ್ರ ಮಾಂಸದಾಗ ನಟ್ಟಿರತಿತ್ತು, ಹಿಂಗ ಆಡತಿದ್ದಿಲ್ಲ."

ನಾನು ಮಾಡಿ ನೋಡಿದೆ. ಹೌದು, ಒಂದೇ ಗಟ್ಟಿ ಹಲಗೆಯಂತೆ ಓಲಾಡುತ್ತಿತ್ತು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದರೆ ಗುಡಾರದ ಬಟ್ಟೆಯ ಕೆಳಗೆ ಕೋಲುಗಳು ಕಾಣುವಂತೆ ಮೂಲೆಗಳು ಕಂಡವು. ಯಾವ ಪುಸ್ತಕದಲ್ಲಿ ಇದನ್ನು ಓದಿದ್ದೆ ಎಂದು ನೆನಪಾಗಲಿಲ್ಲ, ಆದರೆ ಓದಿದ್ದೆ. ನಾಗವ್ವನ ಮಾತು ಮಗನ ಕಿವಿಗೆ ಹೋಗಲಿಲ್ಲ. ಒಳಗೆ ಏನಿದೆಯೋ ಅದನ್ನು ನಮ್ಮೆದುರೇ ಹೊರಗೆ ತೆಗೆಯಿರಿ ಎಂದರು. ಸಾಹೇಬರೂ ಒಪ್ಪಿದರು.

ಹಾಗಾಗಿ ಒಂದು ಬೆಳಿಗ್ಗೆ ದವಾಖಾನೆಯ ಉತ್ತರದ ಕೋಣೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ, ಗಂಗೂನನ್ನು ಮೇಜಿನ ಮೇಲೆ ಮಲಗಿಸಿದೆವು. ತಂದೆ ಒಂದು ಕಡೆ, ಅಜ್ಜಿ ಒಂದು ಕಡೆ, ಕಾಲ ಬಳಿ ಸಾಹೇಬರು. ಫಕ್ಕೀರಪ್ಪ ಬಾಗಿಲ ಹೊರಗೆ ನಿಂತಿದ್ದರು. ಜೋಮು ಹಿಡಿಸಲು ನಾನು ಪಿಚಕಾರಿ ಎತ್ತಿದಾಗ ನಾಗವ್ವ, "ಮತ್ತ ಸೂಜೀನ?" ಎಂದಳು. ಸೂಜಿಯ ದೂರು ಬಿಡಿಸಲು ಸೂಜಿಯೇ ಬೇಕಾದದ್ದಕ್ಕೆ ಸಾಹೇಬರೂ ನಕ್ಕರು. ಗಂಗೂ ನಗಲಿಲ್ಲ. ತನ್ನ ಕಲ್ಲು ತನಗೆ ವಾಪಸು ಸಿಗಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆಯೇ ಕೈ ಚಾಚಿದಳು.

ಚರ್ಮವನ್ನು ಸಣ್ಣಗೆ ಸೀಳಿದೆ. ಗಂಟು ತನ್ನದೇ ತೆಳು ಚೀಲದೊಳಗೆ ಬಿಡಿಯಾಗಿತ್ತು, ಹೆಚ್ಚು ಕಷ್ಟವಿಲ್ಲದೆ ಬಂತು. ಹೊಲಿಗೆ ಹಾಕಿ ಕಟ್ಟಿದ ಮೇಲೆ ಅದನ್ನು ಬಿಳಿಯ ತಟ್ಟೆಯಲ್ಲಿಟ್ಟು ಎಲ್ಲರೆದುರು ನಡುವೆ ಕೊಯ್ದೆ. ಬಳಪ ಕೊಯ್ದಂತೆ ಕರಕರ ಸದ್ದಾಯಿತು. ಒಳಗೆ ಹಳದಿ ಛಾಯೆಯ ಬಿಳಿ ಹರಳು, ಪುಡಿ ಪುಡಿ. ಎರಡೂ ಹೋಳುಗಳನ್ನು ಇಕ್ಕಳದಿಂದ ಕೆದಕಿ ತೋರಿಸಿದೆ. ಲೋಹದ ಚೂರು ಎಲ್ಲೂ ಇರಲಿಲ್ಲ. ವಿರೂಪಾಕ್ಷಪ್ಪ ತಾವೇ ಬೆರಳಿನಿಂದ ಹೊಸಕಿ ನೋಡಿದರು. "ಸುಣ್ಣ ಇದ್ದಂಗ ಐತಲ್ಲ ಇದು" ಎಂದರು.

ನಾಗವ್ವ ನೆಲಕ್ಕೆ ಕುಳಿತುಬಿಟ್ಟಳು.

"ಸುಣ್ಣನ ಅದು. ನಾನ ಹಚ್ಚೀನಿ. ಗಂಟು ಕರಗಲಿ ಅಂತ ದಿನಾ ಸಂಜಿ ಮುಂದ ಸುಣ್ಣ ಬೆಲ್ಲ ಕಲಸಿ ತಿಕ್ಕೀನಿ, ನಿನಗ ಹೇಳಲಾರದ. ಎಲ್ಲಾ ಒಳಗ ಇಳದು ಕಲ್ಲಾಗೇತಿ. ಕೂಸಿನ ಕೈಯಾಗ ನಾನ ಕಲ್ಲು ಬೆಳಸಿದ್ನೆಪಾ."

ಬಾವು ಬಂದರೆ ಸುಣ್ಣ ಬೆಲ್ಲ ಹಚ್ಚುವುದು ಆ ಕಡೆ ಮನೆಮನೆಯ ಮದ್ದು. ಆದ್ದರಿಂದ ಕೋಣೆಯಲ್ಲಿದ್ದವರಿಗೆಲ್ಲ ಈ ಕಥೆ ಥಟ್ಟನೆ ಒಪ್ಪಿಗೆಯಾಯಿತು. ಗಂಟು ಮೊದಲು ಬಂದದ್ದು, ಸುಣ್ಣ ಆಮೇಲಿನದು ಎಂಬುದನ್ನು ಯಾರೂ ಯೋಚಿಸಲಿಲ್ಲ. ವಿರೂಪಾಕ್ಷಪ್ಪ ತಾಯಿಯನ್ನು ಎಬ್ಬಿಸಿ, ದೂರು ಹಿಂದೆ ತೆಗೆದುಕೊಳ್ಳುವುದಾಗಿ ಸಾಹೇಬರಿಗೆ ಹೇಳಿದರು. ಸಾಹೇಬರ ಮುಖ ಬೆಳಗಿತು. ಮನೆಮದ್ದಿನಿಂದ ಆದದ್ದು ಎಂದು ಬರೆದು ಪ್ರಕರಣ ಮುಗಿಸೋಣ, ಸೋಮವಾರದಿಂದ ಫಕ್ಕೀರಪ್ಪ ಸೂಜಿ ಹಿಡಿಯಲಿ ಎಂದರು.

ನಾನು ಆಗ ಹೇಳಿದೆ: ಮೇಲೆ ಹಚ್ಚಿದ ಸುಣ್ಣ ಹೀಗೆ ಚೀಲ ಕಟ್ಟಿಕೊಂಡು ಒಳಗೆ ಕೂರುವುದಿಲ್ಲ. ಇದು ಮೈಯೊಳಗೇ ಬೆಳೆದದ್ದು. ಒಂದು ಹೋಳನ್ನು ಮುಂಬಯಿಗೆ, ರೋಗಶಾಸ್ತ್ರ ಕಲಿಸಿದ ನನ್ನ ಗುರುಗಳಿಗೆ ಕಳಿಸಿ ಕೇಳಬೇಕು.

ಸಾಹೇಬರಿಗೆ ಇದು ಹಿಡಿಸಲಿಲ್ಲ. ಅಲ್ಲಿಂದ ಸೂಜಿಯಿಂದಲೇ ಬಂತು ಎಂದು ಬರೆದರೆ ಏನು ಮಾಡುತ್ತೀರಿ ಎಂದರು. ಕಳಿಸುವುದಾದರೆ ಕಳಿಸಿ, ಆದರೆ ಉತ್ತರ ಬರುವವರೆಗೆ ಫಕ್ಕೀರಪ್ಪ ಸೂಜಿ ಮುಟ್ಟುವ ಹಾಗಿಲ್ಲ. ಸೋಮವಾರದೊಳಗೆ ತೀರ್ಮಾನಿಸಿ ಎಂದು ಹೇಳಿ ಹೊರಟುಹೋದರು.

ಒಂದು ಹೋಳನ್ನು ಪೆನಿಸಿಲಿನ್ನಿನ ಖಾಲಿ ಶೀಸೆಯಲ್ಲಿ ಫಾರ್ಮಲಿನ್ ಹಾಕಿ ಇಟ್ಟೆ. ಇನ್ನೊಂದನ್ನು ತೊಳೆದು ಕಾಗದದಲ್ಲಿ ಸುತ್ತಿ ಗಂಗೂಗೆ ಕೊಟ್ಟೆ. ಶೀಸೆ ನನ್ನ ಮೇಜಿನ ಮೇಲೆ ಎರಡು ದಿನ ಕುಳಿತಿತ್ತು. ನನ್ನ ಒಂದು ಸಾಲಿನಿಂದ ಒಮ್ಮೆ ಸಿಕ್ಕಿಬಿದ್ದ ಮನುಷ್ಯನನ್ನು ನನ್ನ ಇನ್ನೊಂದು ಪತ್ರದಿಂದ ಮತ್ತೆ ಸಿಕ್ಕಿಸುವ ಹಕ್ಕು ನನಗಿದೆಯೇ ಎಂದು ತಿಳಿಯಲಿಲ್ಲ. ಫಕ್ಕೀರಪ್ಪನವರನ್ನೇ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ಸುಣ್ಣ ತಮ್ಮನ್ನು ಉಳಿಸಿದೆ, ಅದನ್ನು ಯಾಕೆ ಕೆದಕಬೇಕು, ಮುಂಬಯಿಯವರು ಒಂದು ಮಾತು ಓರೆಯಾಗಿ ಬರೆದರೆ ಸೂಡಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ, ಬಿಟ್ಟುಬಿಡಿ ಎಂದರು. ನನಗೂ ಅದು ನ್ಯಾಯವೇ ಅನ್ನಿಸಿತು. ಶೀಸೆಯನ್ನು ಕಪಾಟಿನೊಳಗೆ ಇಟ್ಟೆ.

ಭಾನುವಾರ ಬೆಳಿಗ್ಗೆ ಗಂಗೂನ ಕಟ್ಟು ಬದಲಿಸಲು ಫಕ್ಕೀರಪ್ಪ ಅವಳ ಮನೆಗೆ ಹೋಗಿದ್ದರು. ಬಂದವರು ಚಪ್ಪಲಿ ಬಿಟ್ಟು, ಕೈ ತೊಳೆದು, ನನ್ನ ಎದುರು ನಿಂತರು.

"ಮುದುಕಿ ಎಲಿ ಅಡಿಕಿ ಬಿಟ್ಟಾಳ್ರಿ. ಸುಣ್ಣದ ಡಬ್ಬಿ ಹಿತ್ತಲಕ್ಕ ಒಗದಾಳಂತ. ಅದು ಹೋಗ್ಲಿ, ಕೂಸಿಗೆ ತಲಿ ಬಾಚೂದೂ ಬಿಟ್ಟಾಳ. ನನ್ನ ಕೈ ಚಲೋ ಇಲ್ಲ, ಮುಟ್ಟೂದಿಲ್ಲ ಅಂತಾಳ. ಗಂಗೂ ಜಡಿ ಹೆಣಲ ಇಲ್ಲದ ದೆವ್ವ ಆಗಿ ಕುಂತೈತಿ."

ಆಮೇಲೆ ಶೀಸೆಯಿದ್ದ ಕಪಾಟಿನ ಕಡೆ ತಿರುಗಿದರು.

"ಮೂವತ್ತು ವರ್ಷ ಆತ್ರಿ ಸೂಜಿ ಹಿಡದು. ನನ್ನ ಕೈ ಚಲೋ ಇಲ್ಲ ಅಂತ ಮಂದಿ ಅಂದಾಗ ಹ್ಯಾಂಗ ಆಗತೈತಿ ಅನ್ನೂದು ನನಗ ಗೊತ್ತೈತಿ. ಆ ಬಾಟ್ಲಿ ಕೊಡ್ರಿ ಬಾಯಾರ, ನಾನ ಟಪಾಲಿಗೆ ಹಾಕ್ತೀನಿ."

ಸೂಜಿಯೇ ಎಂದು ಬಂದರೆ ಎಂದು ನಾನು ಕೇಳಿದೆ. ಬಂದರೆ ಬಂತು, ಮುದುಕಿಯಾದರೂ ಎಲೆ ತಿನ್ನಲಿ ಎಂದರು. ಶೀಸೆಯನ್ನು ಹತ್ತಿಯಲ್ಲಿ ಸುತ್ತಿ ಸಣ್ಣ ತಗಡಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಮಾದರಪಾಟಿನ ಬಟ್ಟೆ ಹಾಕಿ, ಪಡಸಾಲೆಯಲ್ಲಿ ಕುಳಿತು ದಬ್ಬಣದಲ್ಲಿ ಹೊಲಿದರು. ಈ ಸೂಜಿಗೆ ಸಾಹೇಬರ ತಕರಾರಿಲ್ಲವಲ್ಲ ಎಂದು ನನ್ನತ್ತ ನೋಡಿ ನಕ್ಕರು. ನಾನು ಸಂಶಯಿಸಿದ ಮೇಲೆ ಅವರು ನನ್ನೊಡನೆ ನಕ್ಕದ್ದು ಅದೇ ಮೊದಲು.

ಉತ್ತರ ಬರಲು ಏಳು ವಾರ ಹಿಡಿಯಿತು. ಆ ಏಳು ವಾರ ಫಕ್ಕೀರಪ್ಪ ಬೆಂಚು ಹೊತ್ತರು. ಗುರುಗಳ ಪತ್ರ ಒಂದೇ ಪುಟದ್ದು. ಇದು ಕೂದಲಿನ ಬೇರಿನ ಜೀವಕೋಶಗಳಿಂದ ಹುಟ್ಟಿ ಬೆಳೆಯುವ ಗಂಟು. ಆ ಕೋಶಗಳು ಸತ್ತು, ಆಕಾರ ಮಾತ್ರ ಉಳಿದು ನೆರಳಿನಂತೆ ಕಾಣುತ್ತವೆ, ಅವುಗಳ ಮೇಲೆ ಮೈಯ ಒಳಗಿನದೇ ಸುಣ್ಣದಂಶ ಕೂತು ಕಲ್ಲಾಗುತ್ತದೆ. ಮಕ್ಕಳಲ್ಲಿ, ಅದರಲ್ಲೂ ಮುಖ, ಕುತ್ತಿಗೆ, ತೋಳುಗಳಲ್ಲಿ ಹೆಚ್ಚು. ಕೆಟ್ಟ ಜಾತಿಯದಲ್ಲ, ಪೂರ್ತಿ ತೆಗೆದರೆ ಸಾಮಾನ್ಯವಾಗಿ ಮರಳುವುದಿಲ್ಲ. ಲೋಹದ ಚೂರಿಲ್ಲ, ಕ್ಷಯದ ಗುರುತಿಲ್ಲ, ಹೊರಗಿನ ಸುಣ್ಣವೂ ಅಲ್ಲ. ಕೊನೆಯಲ್ಲಿ ತಮ್ಮ ಕೈಯಿಂದ ಎರಡು ಸಾಲು ಸೇರಿಸಿದ್ದರು: ಸೂಜಿ ಚುಚ್ಚಿದ ಜಾಗದಲ್ಲೇ ಬಂದದ್ದು ಆಕಸ್ಮಿಕವಿರಬಹುದು, ಚುಚ್ಚಿದ ಸಣ್ಣ ಗಾಯ ಬೇರನ್ನು ಕೆಣಕಿರಲೂಬಹುದು. ತಮಗೆ ತಿಳಿಯದು.

ಸಾಹೇಬರು ಮೊದಲ ಭಾಗ ಓದಿ ಫಕ್ಕೀರಪ್ಪನವರ ಮೇಲಿನ ನಿರ್ಬಂಧ ತೆಗೆದರು. ಕೊನೆಯ ಎರಡು ಸಾಲುಗಳನ್ನು ಓಣಿಯಲ್ಲಿ ಓದುವ ಅಗತ್ಯವಿಲ್ಲ ಎಂದೂ ಸೂಚಿಸಿದರು. ಅದನ್ನು ನಾನು ಪಾಲಿಸಲಿಲ್ಲ.

ಎಂಟು ಜನರಿಗಿಂತ ಹೆಚ್ಚಿನವರೆದುರು ಮಾತಾಡುವುದು ನನಗೆ ಆಗದ ಕೆಲಸ. ಆದರೂ ಪತ್ರವನ್ನು ಕನ್ನಡದಲ್ಲಿ ಬರೆದುಕೊಂಡು, ಫಕ್ಕೀರಪ್ಪನವರೊಡನೆ ನೇಕಾರರ ಓಣಿಗೆ ಹೋದೆ. ಅವರು ವಿರೂಪಾಕ್ಷಪ್ಪನವರ ಮನೆಯ ಮುಂದೆ ಮೇಜು, ಅದರ ಎದುರು ಕೂರಲು ಎತ್ತರದ ಮಣೆ ಹಾಕಿ, ಸೂಜಿ ಕುದಿಸಲು ಸ್ಪಿರಿಟ್ ದೀಪ ಹಚ್ಚಿದರು. ನಾನು ಓದತೊಡಗಿದಂತೆ ಮಗ್ಗಗಳ ಸದ್ದು ಒಂದೊಂದಾಗಿ ನಿಂತು ಜನ ಹೊರಗೆ ಬಂದರು. ಸುಣ್ಣವಲ್ಲ ಎಂಬ ಮಾತು ಬಂದಾಗ ಹೊಸ್ತಿಲಲ್ಲಿ ಕುಳಿತಿದ್ದ ನಾಗವ್ವನ ಕಡೆ ನೋಡಿದೆ.

"ಖರೇ ಹೇಳ್ತೀರೇನ್ರಿ ಬಾಯಾರ? ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ."

ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ, ನನ್ನ ತಂಡದವರನ್ನು ಕೇಳಿ ಎಂದೆ. ಫಕ್ಕೀರಪ್ಪ ಬಹಳ ಗಂಭೀರವಾಗಿ ತಲೆಯಾಡಿಸಿದರು. ಕೂದಲ ಬೇರು ಕಲ್ಲಾಗುವುದೆಂದರೇನು ಎಂದು ಯಾರೋ ಹಿಂದಿನಿಂದ ಕೇಳಿದರು. ಹಾಗಾದರೆ ಬೋಳು ತಲೆಯವರು ಬಚಾವಾದರು ಎಂದು ಇನ್ನೊಬ್ಬರು ಸೇರಿಸಿದರು. ಜನ ನಕ್ಕರು. ನಗು ಮುಗಿದ ಮೇಲೆ ವಿರೂಪಾಕ್ಷಪ್ಪ ಕೇಳಬೇಕಾದ್ದನ್ನು ಕೇಳಿದರು.

"ಹಂಗಾರ ಚುಚ್ಚಿದ್ದಕ್ಕ ಬಂತೋ, ಅದರಷ್ಟಕ್ಕ ಅದು ಬಂತೋ?"

ಕೊನೆಯ ಎರಡು ಸಾಲುಗಳನ್ನೂ ಓದಿದೆ. ನನ್ನ ಗುರುಗಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಎಂದೆ. ಇಷ್ಟು ವರ್ಷ ಎಷ್ಟೋ ತೋಳುಗಳನ್ನು ನೋಡಿದ ನಾನು ಇಂಥದ್ದನ್ನು ಕಂಡದ್ದು ಇದೊಂದೇ, ಬಂದರೂ ತೆಗೆಯಬಹುದು, ಕ್ಷಯವನ್ನು ಹಾಗೆ ಕೊಯ್ದು ತೆಗೆಯಲಾಗದು ಎಂದೂ ಹೇಳಿದೆ. ಮುಂದೆ ನಿಂತಿದ್ದ ಇಬ್ಬರು ತಾಯಂದಿರು ಮಕ್ಕಳ ಹೆಗಲು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಫಕ್ಕೀರಪ್ಪ ದೀಪದ ಉರಿಯನ್ನೇ ನೋಡುತ್ತ ನಿಂತಿದ್ದರು. ಅವರ ಮೇಲಿನ ದೂರು ಹೋಗಿತ್ತು, ಆದರೆ ಅವರ ಮುಂದಿನ ಮಣೆ ಖಾಲಿ ಇತ್ತು. ಆ ಗಳಿಗೆಯಲ್ಲಿ ಸಾಹೇಬರ ಸೂಚನೆಯೇ ಸರಿಯಿತ್ತೇನೋ ಎಂದು ನನಗನ್ನಿಸಿದ್ದು ನಿಜ.

ನಾಗವ್ವ ಗೋಡೆ ಹಿಡಿದು ಎದ್ದಳು. ಬಂದು ಮಣೆಯ ಮೇಲೆ ಕುಳಿತು, ಸೀರೆಯ ಸೆರಗು ಸರಿಸಿ ಮುಂಗೈಯನ್ನು ಮೇಜಿನ ಮೇಲೆ ಇಟ್ಟಳು. ಹಿಂದಿನ ವರ್ಷ ಪರೀಕ್ಷೆಗೆ ಕರೆದಾಗ ಹಿತ್ತಲ ಬಾಗಿಲಿನಿಂದ ಹೋಗಿಬಿಟ್ಟವಳು ಆಕೆ.

"ಚುಚ್ಚು ತಮ್ಮಾ. ಕಲ್ಲು ಬೆಳದರ ಬೆಳೀಲಿ. ಎಷ್ಟು ದಿನ ಇರತೈತಿ ಅದು, ನನ್ನ ಜೋಡಿನ ಹೋಗತೈತಿ."

ಫಕ್ಕೀರಪ್ಪ ಪಿಚಕಾರಿ ಎತ್ತಿಕೊಂಡರು. ನಿರ್ಬಂಧದ ನಂತರ ಅದನ್ನು ಹಿಡಿದದ್ದು ಅದೇ ಮೊದಲು. ಅವರು ನನ್ನತ್ತ ನೋಡಿದರು. ಆ ಕೈಗೆ ನಾನೇ ಚುಚ್ಚಬಹುದಾಗಿತ್ತು. ನಾನು ತಟ್ಟೆಯಿಂದ ಸೂಜಿಯೊಂದನ್ನು ಎತ್ತಿ ಅವರಿಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಹೆಸರು ಬರೆಯಲು ಪುಸ್ತಕ ತೆರೆದೆ. ಅವರು ಚುಚ್ಚಿದರು. ಮುದುಕಿಯ ಸುಕ್ಕು ಚರ್ಮದ ಮೇಲೆ ಅಕ್ಕಿಕಾಳಿನಷ್ಟು ಉಬ್ಬು ಎದ್ದಿತು, ಇರಬೇಕಾದಷ್ಟೇ.

ನಾಗವ್ವ ಅದನ್ನು ನೋಡಿ, ಇಷ್ಟಕ್ಕೇ ಇಷ್ಟು ರಂಪವೇ ಎಂಬಂತೆ ತುಟಿ ಓರೆ ಮಾಡಿ, ಮಗನ ಕಡೆ ತಿರುಗಿದಳು.

"ಏನ್ ನೋಡಾಕತ್ತಿ? ನೀ ಕುಂದರು."

ವಿರೂಪಾಕ್ಷಪ್ಪ ಅತ್ತಿತ್ತ ನೋಡಿದರು. ಓಣಿಯ ಅರವತ್ತು ಕಣ್ಣುಗಳು ಅವರ ಮೇಲಿದ್ದವು. ಅಂಗಿಯ ತೋಳು ಮಡಿಸಿ ಮಣೆಯ ಮೇಲೆ ಕುಳಿತರು. ಫಕ್ಕೀರಪ್ಪ ನಿಯಮದಂತೆ ಹೆಸರು ಕೇಳಿದರು, ಅವರು ಹೇಳಿದರು, ನಾನು ಬರೆದುಕೊಂಡೆ. ಅವರ ಹಿಂದೆ ಆಗಲೇ ನಾಲ್ಕೈದು ಜನ ನಿಂತಿದ್ದರು.

"ಅಂಜಬ್ಯಾಡ್ರಿ ಅಣ್ಣಾರ," ಎಂದರು ಫಕ್ಕೀರಪ್ಪ. "ಇರಿವಿ ಕಡದಂಗ ಆಗತೈತಿ, ಅಷ್ಟ."

"ನಾ ಯಾಕ ಅಂಜಲಿ?" ಎಂದು ವಿರೂಪಾಕ್ಷಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.